ಪೆನ್ಸಿಲ್ ಗುರುತಿನ ಮಕ್ಕಳು

ಲಸಿಕೆ ಹಾಕುವ ಸಿಸ್ಟರ್‌ಗೆ ಬಡಾವಣೆಯಲ್ಲೆಲ್ಲ ಪೆನ್ಸಿಲ್ ಸಿಸ್ಟರ್ ಅಂತಲೇ ಹೆಸರು. ಕಿವಿಯ ಸಂದಿಯಲ್ಲಿ ಸದಾ ಒಂದು ಮೋಟು ಪೆನ್ಸಿಲ್. ಲಸಿಕೆ ಪುಸ್ತಕದಲ್ಲಿ ನಾಳೆ ಬರಬೇಕಾದ ಮಕ್ಕಳ ಹೆಸರಿನ ಮುಂದೆ ಇವತ್ತೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡುವುದು, ಸೂಜಿ ಚುಚ್ಚಿದ ಮೇಲೆ ಅದರ ಮೇಲೆಯೇ ಪೆನ್ನು ಎಳೆಯುವುದು ಅವಳ ಪದ್ಧತಿ. ಹಾಗೆ ಮಾಡಬಾರದೆಂಬ ನಿಯಮವಿತ್ತು. ಇಪ್ಪತ್ತಾರು ವರ್ಷ ಸೂಜಿ ಹಿಡಿದವಳಿಗೆ ಬುದ್ಧಿ ಹೇಳುವವರು ಯಾರು?

ಕೊರೊನಾ ಬಂದ ವರ್ಷ ಲಸಿಕೆ ಕೋಣೆಗೆ ಬೀಗ ಬಿತ್ತು. ಅವಳನ್ನು ಗಂಟಲ ದ್ರವ ತೆಗೆಯುವ ಕೆಲಸಕ್ಕೆ ಹಾಕಿದರು. ಮರುದಿನಕ್ಕೆಂದು ಹಾಕಿಟ್ಟ ಪೆನ್ಸಿಲ್ ಗುರುತುಗಳ ಸಮೇತ ಪುಸ್ತಕ ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಕಂಪ್ಯೂಟರಿಗೆ ಏರಿಸಿದವರು ಪೆನ್ನೋ ಪೆನ್ಸಿಲ್ಲೋ ನೋಡಲಿಲ್ಲ. ಗುರುತಿದ್ದವರಿಗೆಲ್ಲ ಲಸಿಕೆ ಆಗಿದೆ ಎಂದು ಒತ್ತಿ ಕೈತೊಳೆದುಕೊಂಡರು. ತಾಯಂದಿರ ಮೊಬೈಲಿಗೂ ಹಾಗೆಂದೇ ಸಂದೇಶ ಹೋಯಿತು. ನೂರಕ್ಕೆ ನೂರು ಸಾಧನೆ ಎಂದು ಪ್ರಶಸ್ತಿ ಪತ್ರ ಬಂತು. ಸಿಸ್ಟರ್ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಯಾವ ಸಾಧನೆ ಎಂದು ಅವಳೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಪಕ್ಕದ ಬಡಾವಣೆಯಲ್ಲಿ ದಡಾರ ಕಾಣಿಸಿಕೊಂಡು ಒಂದು ಮಗು ಆಸ್ಪತ್ರೆ ಸೇರಿತು. ಸಿಸ್ಟರ್‌ಗೆ ಏಕೋ ಅನುಮಾನ ಬಂದು ಹಳೆಯ ಪುಸ್ತಕ ತರಿಸಿದಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿಯ ನಡುವೆ ಬೂದು ಗುರುತುಗಳು ಹೊಳೆದವು. ನಲವತ್ತಮೂರು. ಅಷ್ಟು ಮಕ್ಕಳಿಗೆ ಸೂಜಿ ಬಿದ್ದೇ ಇರಲಿಲ್ಲ.

ಅಂದೇ ವೈದ್ಯಾಧಿಕಾರಿಯ ಮುಂದೆ ನಿಂತಳು. ಅವಳ ಬಡಾವಣೆಯಲ್ಲಿ ಒಂದು ಮಗುವೂ ಬಾಕಿಯಿಲ್ಲ, ಬಾಕಿಯಿಲ್ಲದ ಕಡೆಗೆ ಲಸಿಕೆ ಕೊಡಲು ಬರುವುದಿಲ್ಲ ಎಂದರು ಅವರು.

"ಆ ಲೆಕ್ಕ ಸುಳ್ಳು ಡಾಕ್ಟ್ರೇ. ತಪ್ಪು ನಂದೇ. ನನ್ ಮೇಲೆ ಏನ್ ಬರ್ಕೋತೀರೋ ಬರ್ಕೊಳ್ಳಿ, ಲಸಿಕೆ ಮಾತ್ರ ಇವತ್ತೇ ಕೊಡಿ."

ಅವರು ಎರಡನ್ನೂ ಬರೆದರು: ಅವಳ ಮೇಲೆ ದೂರು, ಲಸಿಕೆಗೆ ಚೀಟಿ.

ಐಸ್ ಡಬ್ಬಿ ಹೆಗಲಿಗೇರಿಸಿ ಮೂರು ದಿನ ಮನೆಮನೆ ಸುತ್ತಿದಳು. ಬೈದವರ ಬೈಗುಳ ತಲೆತಗ್ಗಿಸಿ ಕೇಳಿದಳು, ಕೇಳುತ್ತಲೇ ಮಗುವಿನ ತೋಳು ಒರೆಸಿದಳು. ಕೊನೆಗೆ ಉಳಿದದ್ದು ಟೈಲರ್ ಅಜ್ಜಿಯ ಮೊಮ್ಮಗಳು. ಅಜ್ಜಿ ಮಗುವನ್ನು ಹೊಲಿಗೆ ಯಂತ್ರದ ಹಿಂದಕ್ಕೆ ಎಳೆದುಕೊಂಡಳು.

"ಆಗಿದೆ ಅಂತ ಮೆಸೇಜ್ ಬಂದಿತ್ತಲ್ಲಮ್ಮ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದೀರೋ?"

ಸಿಸ್ಟರ್‌ಗೆ ಮುಖ ಎತ್ತಲು ನಾಚಿಕೆಯಾಯಿತು. ಆದರೂ ಎತ್ತಿದಳು.

"ಆಗಿನದೇ ಸುಳ್ಳು ಅಜ್ಜಿ. ಅದನ್ನ ಒಪ್ಕೊಳ್ಳೋಕೇ ಬಂದಿದೀನಿ."

ಅಜ್ಜಿ ಮಗುವನ್ನು ಯಂತ್ರದ ಹಿಂದಿನಿಂದ ಮುಂದಕ್ಕೆ ಕರೆತಂದಳು.

"ಹೊಲಿಗೆ ತಪ್ಪಿದ್ರೆ ನಾನೂ ಬಿಚ್ಚೇ ಹೊಲಿಯೋದು. ಬಾ, ಕೂತ್ಕೋ."

ಮಗು ಬೀದಿಗೆಲ್ಲ ಕೇಳುವಂತೆ ಅತ್ತಿತು. ನಲವತ್ತಮೂರನೆಯ ಬೂದು ಗುರುತಿನ ಮೇಲೆ ಪೆನ್ನು ಎಳೆದು ಸಿಸ್ಟರ್ ಪೆನ್ಸಿಲ್ಲನ್ನು ಚಿಂದಿಬಟ್ಟೆಯ ಬುಟ್ಟಿಗೆ ಎಸೆದಳು.

ಪಕ್ಕದ ಬಡಾವಣೆಯಲ್ಲಿ ಹತ್ತೊಂಬತ್ತು ಮಕ್ಕಳು ದಡಾರದಿಂದ ಹಾಸಿಗೆ ಹಿಡಿದರು. ಇಲ್ಲಿ ಅವಳು ದಿನಾ ಬಾಗಿಲು ತಟ್ಟಿ ಮಕ್ಕಳ ಹಣೆ ಮುಟ್ಟಿ ನೋಡಿದಳು. ಒಂದು ವಾರ, ಮೂರು ವಾರ, ಆರು ವಾರ. ಒಂದೇ ಒಂದು ಮಗುವಿಗೂ ದಡಾರ ಬರಲಿಲ್ಲ. ಪಿಡುಗು ಮುಗಿಯಿತೆಂದು ಕಚೇರಿ ಹೇಳಿದ ದಿನ ಸಿಸ್ಟರ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಟಪಾಲಿನಲ್ಲಿ ಅವಳ ಹೆಸರಿಗೆ ಮೆಮೊ ಬಂದಿತ್ತು: ದಾಖಲೆಯಲ್ಲಿ ಅಕ್ಷಮ್ಯ ನಿರ್ಲಕ್ಷ್ಯ, ಎಚ್ಚರಿಕೆ ನೀಡಲಾಗಿದೆ. ಸಿಸ್ಟರ್ ಎರಡು ಸಲ ಓದಿದಳು. ಗೋಡೆಯ ಚೌಕಟ್ಟು ಇಳಿಸಿ, ಪ್ರಶಸ್ತಿ ಪತ್ರ ತೆಗೆದು, ಮೆಮೊ ಇಟ್ಟು ಮತ್ತೆ ತೂಗುಹಾಕಿದಳು. ಮೊಮ್ಮಗಳನ್ನು ಎತ್ತಿಕೊಂಡು ಬಂದ ಟೈಲರ್ ಅಜ್ಜಿ ಅದೇನೆಂದು ಕೇಳಿದಳು.

"ಇದು ನಾನು ನಿಜವಾಗ್ಲೂ ಸಂಪಾದಿಸಿದ್ದು ಅಜ್ಜಿ," ಎಂದಳು ಸಿಸ್ಟರ್.