ಸೋಮವಾರದ ಸಾಲು

ನಾಗರತ್ನಾಳ ಪರದೆಯ ಮೇಲೆ ರೈತರ ದಿನದ ಕೆಲಸದ ಗೆರೆ ಮಂಗಳವಾರ ಏರಿ, ಭಾನುವಾರದವರೆಗೆ ಒಂದೇ ಎತ್ತರದಲ್ಲಿ ನಡೆದು, ಸೋಮವಾರ ಬಂದೊಡನೆ ತೆಗ್ಗಿಗೆ ಬೀಳುತ್ತಿತ್ತು. ಕಾರಣವನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆದರೆ ಏಳು ವಾರಗಳಿಂದ ಆ ತೆಗ್ಗು ತಾನಾಗಿಯೇ ತುಂಬುತ್ತ ಬಂದಿತ್ತು.

ಬೈಲಹೊಂಗಲದಲ್ಲಿ ಒಂದು ಬೀಜದ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಕಂಪನಿ. ಬೀಜ ಬಿತ್ತುವ ಕೂರಿಗೆಯ ಹೆಸರೇ ಅವರ ಆ್ಯಪಿಗೆ: 'ಕೂರಿಗೆ'. ರೈತರು ಅದರಲ್ಲಿ ದಿನದ ಕೆಲಸ ಬರೆದಿಡುತ್ತಿದ್ದರು. ಬರೆದ ದಿನಕ್ಕೊಂದು ಹಸಿರು ಮೊಳಕೆ ಸಾಲಿಗೆ ಸೇರುತ್ತಿತ್ತು. ಒಂದು ದಿನ ತಪ್ಪಿದರೆ ಇಡೀ ಸಾಲು ಒಣಗಿ ಕಂದಾಗುತ್ತಿತ್ತು. ಯಾರ ಸಾಲು ಎಷ್ಟುದ್ದ, ಇವತ್ತು ಯಾರು ಏನು ಮಾಡಿದರು ಎಂಬುದು ಓಣಿಯವರಿಗೆಲ್ಲ ಕಾಣುತ್ತಿತ್ತು. ಸಾಲಿನ ಯೋಚನೆ ನಾಗರತ್ನಾಳದೇ.

"ಸೋಮವಾರ ಎಲ್ಲಾರೂ ಎತ್ತು ಹೂಡಿ ಗಳೆ ಹೊಡದೀವಿ ಅಂತ ಬರ್ಯಾಕತ್ಯಾರ. ಇದು ನಂಬೂ ಮಾತೇನ್ರಿ?" ಎಂದಳು.

ಕಂಪನಿಯ ಒಡೆಯ ಅಜಿತ ಚಹಾ ಹೀರಿದ. "ನಂಬೂದು ಬಿಡೂದು ನಮ್ಮ ಕೆಲಸ ಅಲ್ಲ. ಮಂದಿ ಆ್ಯಪು ತೆರದ್ರಿಲ್ಲೋ? ಒತ್ತಿದ್ರಿಲ್ಲೋ? ಮುಗೀತು."

ಸುಳ್ಳು ಹೆಸರು ಹಾಕಿ ಅವನೇ ಆ ತೆಗ್ಗು ತುಂಬಿಸುತ್ತಿದ್ದಾನೆಯೇ ಎಂದು ಅವಳಿಗೆ ಅನುಮಾನ ಬಂತು. ಬಂಡವಾಳ ಹಾಕುವವರಿಗೆ ತೋರಿಸಲು ಅವನಿಗೆ ಏರುವ ಗೆರೆ ಬೇಕಿತ್ತು. ಅವನು ಹೊರಗೆ ಹೋದ ಮೇಲೆ ಒಂದೊಂದೇ ಹೆಸರು ತೆಗೆದು ನೋಡಿದಳು. ಫೋನುಗಳು ನಿಜವಾದವೇ. ಊರುಗಳೂ ನಿಜವಾದವೇ. ನಡುವೆ ಒಂದು ಹೆಸರು: ಮಹಾಂತಪ್ಪ, ಕಟಕೋಳ, ನಲವತ್ತೊಂಬತ್ತು ದಿನದ ಸಾಲು. ಅವಳ ಸೋದರಮಾವ. ಅವನ ಫೋನಿಗೆ ಆ್ಯಪು ಹಾಕಿಕೊಟ್ಟವಳು ಅವಳೇ.

ಆ್ಯಪಿನ ಮೊದಲ ನಕ್ಷೆಯಲ್ಲಿ ಅವಳು ಸೋಮವಾರಕ್ಕೆ ರಜೆ ಕೊಟ್ಟಿದ್ದಳು. "ಒಂದಿನ ಬಿಟ್ಟವ ಮರುದಿನಾ ಬರೂದಿಲ್ಲ" ಎಂದು ಅಜಿತ ಅದನ್ನು ಹೊಡೆದುಹಾಕಿದಾಗ ಸುಮ್ಮನಿದ್ದಳು. ಆ ಸುಮ್ಮನಿದ್ದ ಗಳಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು. ಕಿಟಕಿಯ ಆಚೆ ಯಾರೋ ಚೀಲ ಇಳಿಸುತ್ತಿದ್ದರು.

ಸಂಜೆ ಅತ್ತೆ ಸುಂದರವ್ವನ ಫೋನು ಬಂತು. "ನಿಮ್ಮ ಮಾಮಾ ಸೋಮವಾರ ಎತ್ತು ಹೂಡ್ಯಾರ ಅಂತ ನಮ್ಮ ಓಣಿ ಬೀರಪ್ಪ ಮನಿಮನಿಗೆ ಫೋನ್ ತೋರಿಸ್ಕೋತ ತಿರಗಾಕತ್ಯಾನ. ಗುರುವಾರ ಹಿರ್ಯಾರು ಕುಂದರತಾರಂತ. ಮೊದಲ ಕೂರಿಗಿ ಈ ವರ್ಷ ಬ್ಯಾರೆಯವರಿಗೆ ಅನ್ನಾಕತ್ಯಾರ. ಇವರು ನೋಡಿದ್ರ ಬಾಯೇ ಬಿಡವಲ್ರು."

ಅವರ ಓಣಿಯಲ್ಲಿ ಮೊದಲ ಮಳೆಗೆ ಹೆಸರುಕಾಳು ಬಿತ್ತುವಾಗ ಮೊದಲ ಕೂರಿಗೆ ಹಿಡಿಯುವವನು ಮಹಾಂತಪ್ಪ. ಇಪ್ಪತ್ತೆರಡು ವರ್ಷಗಳಿಂದ ಆ ಮಾನ ಅವನದು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಹಿಂದಿನಿಂದ ಕೂರಿಗೆಯ ಬಟ್ಟಲಿಗೆ ಬಿಡುತ್ತ ನಡೆಯುವವಳು ನಾಗರತ್ನಾ. ಹತ್ತು ವರ್ಷದವಳಿದ್ದಾಗಿನಿಂದ ಆ ಒಂದು ದಿನಕ್ಕಾಗಿ ಅವಳು ಎಲ್ಲಿದ್ದರೂ ಬರುತ್ತಿದ್ದಳು.

ಮರುದಿನ ಮುರಗೋಡ ದಾಟಿ ಯರಗಟ್ಟಿಗೆ ಬಂದು, ಕಟಕೋಳದ ಬಸ್ಸು ಹಿಡಿಯಲು ನಿಲ್ದಾಣದಲ್ಲಿ ಕುಳಿತಳು. ಪಕ್ಕದಲ್ಲಿ ಉಳ್ಳಾಗಡ್ಡಿ ಚೀಲ ಇಟ್ಟುಕೊಂಡವನು ಗೆಳೆಯನಿಗೆ ಮಗಳ ಮದುವೆಯ ಮಾತು ಹೇಳುತ್ತಿದ್ದ. ಜೇಬು ಗುಂಯ್‌ಗುಟ್ಟಿತು. ಮಾತು ನಿಲ್ಲಿಸದೆಯೇ ಅವನು ಫೋನು ತೆಗೆದ, ಒತ್ತಿದ, ಮರಳಿ ಇಟ್ಟುಕೊಂಡ. ಪರದೆಯ ಮೇಲೆ ಬಂದದ್ದು ಅವಳೇ ಬರೆದ ಸಾಲು: 'ಕಾಕಾ, ಸಾಲು ಒಣಗಾಕತ್ತೈತಿ. ಒಂದು ಹನಿ ನೀರು ಹಾಕ್ರಿ.' ಎರಡು ವರ್ಷ ಅವಳು ದುಡಿದದ್ದು ಆ ಕೈ ಹಾಗೆ ಹೋಗಲೆಂದೇ. ಈಗ ನೋಡಬಾರದ್ದನ್ನು ನೋಡಿದಂತಾಗಿ ಮುಖ ತಿರುಗಿಸಿದಳು.

ಮಾವ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಕೈಕಾಲು ತೊಳೆದುಕೊಂಡು ಬಂದು ನೇರವಾಗಿ ಕೇಳಿದಳು. "ಹೂಡಿದ್ರೇನ್ರಿ ಮಾಮಾ?"

ಅವನು ಅವಳನ್ನು ನೋಡಿದ, ದನದ ಕೊಟ್ಟಿಗೆಯನ್ನು ನೋಡಿದ. ಎತ್ತುಗಳು ಮೆಲುಕು ಹಾಕುತ್ತಿದ್ದವು. ಮೇವು ಹಾಕುವ ನೆಪದಲ್ಲಿ ಒಳಗೆ ಹೋದವಳು ಅವುಗಳ ಹೆಗಲ ಮೇಲೆ ನೊಗದ ಗುರುತು ಹುಡುಕುತ್ತಿದ್ದಳು. ಅಂದು ಬುಧವಾರ. ಗುರುತು ಇದ್ದರೂ ಅದು ಏನನ್ನೂ ಹೇಳುತ್ತಿರಲಿಲ್ಲ. ಆದರೂ ಹುಡುಕಿದಳು.

ಆಮೇಲೆ ಪಡಸಾಲೆಯಲ್ಲಿ ಕುಳಿತು ಲ್ಯಾಪ್‌ಟಾಪು ತೆರೆದಳು. ಕೂರಿಗೆ ಆ್ಯಪು ಹತ್ತು ನಿಮಿಷಕ್ಕೊಮ್ಮೆ ಫೋನು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಫೋನು ಅರ್ಧ ತಾಸು ಒಂದೇ ಕಡೆ ಇದ್ದರೆ ಅದರವನು ಬಿಡುವಾಗಿದ್ದಾನೆ ಎಂದು ತಿಳಿದು 'ಸಾಲು ಒಣಗಾಕತ್ತೈತಿ' ಎಂಬ ಕರೆ ಕಳಿಸುತ್ತಿತ್ತು. 'ಒಪ್ಪಿಗೆ' ಒತ್ತುವಾಗ ಅದನ್ನು ಯಾರೂ ಓದಿರಲಿಲ್ಲ. ಓದದಂತೆ ಬರೆದದ್ದೂ ಅವಳೇ. ಏಳು ಸೋಮವಾರಗಳನ್ನು ತೆಗೆದಳು. ಮಾವನ ಚುಕ್ಕೆ ಮನೆ ಬಿಟ್ಟು ಕದಲಿರಲಿಲ್ಲ. ಹಳ್ಳದಾಚೆಯ ಅವನ ಹೊಲದಲ್ಲಿ ಒಂದು ಚುಕ್ಕೆಯೂ ಇಲ್ಲ.

"ನೀವು ಹೂಡಿಲ್ಲ," ಎಂದಳು ಹೊರಗೆ ಬಂದು. ಹೇಗೆ ಗೊತ್ತಾಯಿತೆಂದು ಹೇಳಲಿಲ್ಲ. "ಮತ್ತ ಯಾಕ ಹಂಗ ಬರದ್ರಿ?"

ಅವನು ಜೇಬಿನಿಂದ ಫೋನು ತೆಗೆದ. "ಮ್ಯಾಲ ದೊಡ್ಡ ಹಸರ ಗುಂಡಿ ಐತೆಲ್ಲ, 'ನಿನ್ನೆಯಂತೆ' ಅಂತ? ಮೊದಲನೇ ಸೋಮವಾರ ರೂಢಿಲೆ ಒತ್ತಿಬಿಟ್ಟೆ. ಐತವಾರ ಹೊಡದ ಗಳೆ ಸೋಮವಾರಕ್ಕೂ ಬಂತು. ಎರಡನೇದಕ್ಕ ಗೊತ್ತಿದ್ದ ಒತ್ತಿದೆ."

"ಯಾಕ್ರಿ?"

"ಒಣಗತಿತ್ತಲ್ಲ, ತಂಗಿ."

"ಅದು ಚಿತ್ರ, ಮಾಮಾ."

"ಗೊತ್ತೈತಿ." ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡ. "ಅರವತ್ತು ದಾಟಿದವ ಚಿತ್ರ ಒಣಗತಿತ್ತು ಅಂತ ಸುಳ್ಳ ಬರದೆ ಅಂತ ಮಂದಿ ಮುಂದ ಹೆಂಗ ಹೇಳ್ಲಿ?"

ಗುರುವಾರ ಮುಂಜಾನೆ ಓಣಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಬೀರಪ್ಪ ಫೋನನ್ನು ಅಂಗೈ ಮೇಲಿಟ್ಟು ಎತ್ತಿ ಹಿಡಿದ. "ಮಹಾಂತಪ್ಪಣ್ಣಾ, ನಿನ್ನ ಎತ್ತು ಹೊಲದಾಗ ದುಡದಾವೋ, ಇದರಾಗೋ?"

ಕೆಲವರು ನಕ್ಕರು. ಎಲ್ಲರಿಗಿಂತ ಹಿರಿಯ ಅಮೋಘಸಿದ್ದಪ್ಪ ನಗಲಿಲ್ಲ. "ನಿನ್ನ ಹೊಲ ಹಳ್ಳದಾಚಿ. ಕಣ್ಣಿಲೆ ಕಂಡವ್ರು ಯಾರೂ ಇಲ್ಲ. ಹೂಡಿದಿ, ಇಲ್ಲಾ ಸುಳ್ಳ ಬರದಿ. ಎರಡರಾಗ ಒಂದ ಹೇಳು."

ಮಹಾಂತಪ್ಪ ನೆಲ ನೋಡುತ್ತ ಕುಳಿತ. ಚುಕ್ಕೆಗಳ ಮಾತು ಹೊರಬಿದ್ದದ್ದು ಅಜಿತನಿಗೆ ತಿಳಿದರೆ ಕೆಲಸ ಉಳಿಯದು ಎಂಬುದು ನಾಗರತ್ನಾಳಿಗೆ ಗೊತ್ತಿತ್ತು. ಆದರೆ ಇನ್ನೊಮ್ಮೆ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

"ಮಾಮಾ ಏಳೂ ಸೋಮವಾರ ಮನ್ಯಾಗ ಇದ್ರು," ಎಂದಳು.

"ನೀ ಬೈಲಹೊಂಗಲದಾಗಿದ್ದಾಕಿ. ನಿನಗ ಹೆಂಗ ಗೊತ್ತವಾ?" ಬೀರಪ್ಪ ಕೇಳಿದ.

ಅವಳು ಲ್ಯಾಪ್‌ಟಾಪು ತಿರುಗಿಸಿ ಚುಕ್ಕೆಗಳನ್ನು ತೋರಿಸಿದಳು. 'ನಿನ್ನೆಯಂತೆ' ಗುಂಡಿಯ ಮಾತು, ಅಳಿಸಿಹೋದ ಸೋಮವಾರದ ರಜೆಯ ಮಾತು, ಎಲ್ಲ ಹೇಳಿದಳು. "ಅವರು ಸುಳ್ಳ ಬರದಾರ. ಬರಿಯೂ ಹಂಗ ಮಾಡಿದಾಕಿ ನಾನು. ಸೋಮವಾರ ನಿಮ್ಮೊಳಗ ಭಾಳ ಮಂದಿ ಅದನ್ನ ಬರದೀರಿ."

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಫೋನ್ ಮನ್ಯಾಗ ಬಿಟ್ಟ ಹೊಲಕ್ಕ ಹೋಗಿದ್ರ?" ಬೀರಪ್ಪ ಬಿಡಲಿಲ್ಲ.

ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಸುಂದರವ್ವ ಹೇಳಿದಳು: "ಅದನ್ನ ಬಿಟ್ಟ ಇವ್ರು ಹಿತ್ತಲಕ್ಕೂ ಹೋಗೂದಿಲ್ಲ."

ಈ ಸಲ ನಗೆ ಸಣ್ಣದಾಗಿ ಬಂತು, ಬೇಗ ನಿಂತಿತು. ಬೀರಪ್ಪ ತನ್ನ ಅಂಗೈ ಮೇಲಿನ ಫೋನನ್ನು ನೋಡಿಕೊಂಡ. "ಅಂದ್ರ ನಂದೂ ಐತೇನು ಅದರಾಗ?"

"ಐತ್ರಿ."

"ಹೋದ ಮಂಗಳವಾರದ್ದೂ?"

"ಐತ್ರಿ."

ಅವನ ಹೆಂಡತಿ ಶಟ್ಟೆವ್ವ ಮುಂದೆ ಬಂದಳು. "ಎಲ್ಲಿದ್ದ, ಹೇಳವ್ವಾ. ನಾನೂ ಕೇಳ್ತೇನಿ."

ಅಮೋಘಸಿದ್ದಪ್ಪ ಕೈ ಎತ್ತಿ ತಡೆದ. "ಮಹಾಂತಪ್ಪ ಎತ್ತು ಹೂಡಿಲ್ಲ. ಕೂರಿಗಿ ಅವಂದ." ಹೇಳಿ ಎದ್ದ. ಎಲ್ಲರೂ ಚದುರಿದರು. ನಾಗರತ್ನಾಳ ಮುಂದೆ ಹಾದುಹೋಗುವಾಗ ಒಬ್ಬಿಬ್ಬರು ಫೋನನ್ನು ಜೇಬಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು, ಅದು ಕೇಳಿಸಿಕೊಳ್ಳುತ್ತದೆ ಎನ್ನುವಂತೆ. ಮಾವ ಇಷ್ಟೇ ಕೇಳಿದ: "ನಾ ಎಲ್ಲಿದ್ದೆ ಅನ್ನೂದು ಮೊದಲಿಂದ ನಿನಗ ಗೊತ್ತಾಗತಿತ್ತೇನು?" ಅವಳು ಹೌದೆಂದಳು. ಅವನು ತಲೆಯಾಡಿಸಿ ಎತ್ತಿಗೆ ನೀರು ಕುಡಿಸಲು ಹೋದ.

ಮುಂದಿನ ವಾರ ಮಳೆ ಬಿತ್ತು. ಹೊಲ ಹದಕ್ಕೆ ಬಂದ ದಿನ ಅವಳು ಬೀಜದ ಬುಟ್ಟಿಯ ಬಳಿ ನಿಂತಿದ್ದಳು. ಅಮೋಘಸಿದ್ದಪ್ಪ ಬದುವಿನ ಮೇಲೆ ವಸ್ತ್ರ ಹಾಸಿ, ಎಲ್ಲರ ಫೋನನ್ನೂ ಅದರ ಮೇಲೆ ಇಡಿಸಿದ. ಮಹಾಂತಪ್ಪ ಕೂರಿಗೆಗೆ ಕೈಮುಗಿದು, ಬೀಜವನ್ನು ಬೊಗಸೆಯಲ್ಲಿ ತುಂಬಿ ಶಟ್ಟೆವ್ವನ ಉಡಿಗೆ ಹಾಕಿದ.

ನಾಗರತ್ನಾ ಖಾಲಿ ಸೆರಗನ್ನು ಹಿಡಿದೇ ಇದ್ದಳು.

"ನೀ ಅವನ್ನ ಕಾಯ್ಕೋತ ಕುಂದ್ರು, ತಂಗಿ," ಎಂದ ಮಾವ, ಫೋನುಗಳ ಕಡೆಗೆ ಗದ್ದ ತೋರಿಸಿ. "ನಿನಗ ಕಾಯಾಕ ಛಲೊ ಬರತೈತಿ." ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಬದುವಿನ ಮೇಲೆ ಕುಳಿತಳು. ಎತ್ತು ನಡೆದವು. ಮೊದಲ ಸಾಲು ಬಿತ್ತು, ಎರಡನೆಯದು ಬಿತ್ತು. ಅರ್ಧ ತಾಸಿಗೆ ವಸ್ತ್ರದ ಮೇಲಿನ ಫೋನುಗಳು ಒಂದಾದ ಮೇಲೊಂದು ಗುಂಯ್‌ಗುಟ್ಟತೊಡಗಿದವು. ಆ ಸದ್ದು ಹೊಲದ ನಡುವಿಗೆ ಮುಟ್ಟುವಂತಿರಲಿಲ್ಲ. ಆದರೆ ಸಾಲಿನ ತುದಿಯಲ್ಲಿ ಎತ್ತು ಹೊರಳಿಸಲು ನಿಂತ ಮಹಾಂತಪ್ಪನ ಬಲಗೈ ಕೂರಿಗೆಯನ್ನು ಬಿಟ್ಟು, ಮೆಲ್ಲಗೆ, ಖಾಲಿ ಜೇಬಿನ ಮೇಲೆ ಹೋಗಿ ಕುಳಿತಿತು.