ಎರಡು ಡಬ್ಬಿ ಮದ್ದು

ಮಗಳು ಕೋರಾಳಿಗೆ ಇಪ್ಪತ್ತು ತೋಟಾ ತುಂಬಿ ಮುಗಿಸಿ ಕಪಾಟು ಮುಚ್ಚುವಾಗ, ನನ್ನ ಸಣ್ಣ ರೈಫಲ್ಲಿನ ಮದ್ದಿನ ಡಬ್ಬಿಗೆ ಕೈ ತಾಗಿ ಅದು ಸುಲಭವಾಗಿ ಜರುಗಿತು. ಎತ್ತಿ ನೋಡಿದೆ, ಹಗುರವಾಗಿತ್ತು. ಅರ್ಧದಷ್ಟಾದರೂ ತುಂಬಿರಬೇಕಿದ್ದ ಡಬ್ಬಿಯ ತಳದಲ್ಲಿ ಒಂದು ಹಿಡಿ ಮದ್ದು ಉಳಿದಿತ್ತು.

ಮರುದಿನ ಶನಿವಾರ, ನಮ್ಮ ಬಿಟರ್‌ರೂಟ್ ಕಣಿವೆಯಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮೊದಲ ದಿನ. ತೋಟಾ ಒಯ್ಯಲು ಮಗಳು ನಾಲ್ಕಕ್ಕೆ ಬರುವವಳಿದ್ದಳು. ಅವಳ ದೊಡ್ಡ ಬೋಲ್ಟ್ ರೈಫಲ್ಲಿಗೆ ಹದಿನಾಲ್ಕು ವರ್ಷದಿಂದ ನಾನೇ ತುಂಬುತ್ತೇನೆ. ಹಿತ್ತಾಳೆಯ ಕೋಶ ತೊಳೆದು, ಅದರ ಕತ್ತು ಸರಿಮಾಡಿ, ತಳಕ್ಕೆ ಕೇಪು ಕೂರಿಸಿ, ಮದ್ದನ್ನು ಒಂದೊಂದಕ್ಕೂ ಬೇರೆಯಾಗಿ ತೂಗಿ, ಮೇಲೆ ಗುಂಡು ಒತ್ತುತ್ತೇನೆ. ಇನ್ನೊಬ್ಬರು ತುಂಬಿದ ತೋಟಾವನ್ನು ಇಲ್ಲಿ ಯಾರೂ ಹಾರಿಸುವುದಿಲ್ಲ, ಸ್ವಂತ ಅಣ್ಣನದಾದರೂ. ಕೋರಾ ನನ್ನದನ್ನು ಹಾರಿಸುತ್ತಾಳೆ.

ಕಡಿಮೆಯಾದ ಮದ್ದು ಅವಳ ಮದ್ದಿನ ಡಬ್ಬಿಗೆ ಸೇರಿರಬಹುದು ಅನ್ನಿಸಿತು. ಸಣ್ಣ ರೈಫಲ್ಲಿನ ಮದ್ದು ಬೇಗ ಉರಿಯುವಂಥದ್ದು. ಅದು ದೊಡ್ಡ ತೋಟಾದೊಳಗೆ ಸೇರಿದರೆ ಒತ್ತಡ ತಡೆಯಲಾರದೆ ರೈಫಲ್ಲೇ ಸಿಡಿಯಬಹುದು, ಹಾರಿಸುವವರ ಮುಖದ ಪಕ್ಕದಲ್ಲಿ.

ಗುಂಡು ಕೀಳುವ ಸುತ್ತಿಗೆಯೊಂದಿದೆ. ಅದರ ಟೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ನೆಲಕ್ಕೆ ಬಡಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ಒಂದನ್ನು ಬಡಿದು, ಬಿಳಿ ಹಾಳೆಯ ಮೇಲೆ ಸುರಿದು, ಭೂತಗನ್ನಡಿ ಹಿಡಿದೆ. ದೊಡ್ಡ ರೈಫಲ್ಲಿನ ಮದ್ದು ಕತ್ತರಿಸಿದ ಕಡ್ಡಿಗಳ ಹಾಗಿರುತ್ತದೆ. ಅವುಗಳ ನಡುವೆ ಸಣ್ಣ ರೈಫಲ್ಲಿನ ಮದ್ದಿನ ಚಪ್ಪಟೆ ಬಿಲ್ಲೆಗಳಿದ್ದವು. ನೂರು ಕಾಳು ಎಣಿಸಿದೆ. ಮೂವತ್ತೊಂದು ಬಿಲ್ಲೆ. ತೂಗುವಾಗಲೇ ಕಾಣಬೇಕಿತ್ತು, ಇಪ್ಪತ್ತು ಸಲ ನೋಡಿಯೂ ನೋಡಿರಲಿಲ್ಲ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದ ಅಭ್ಯಾಸದಿಂದ ಹಾಳೆಯ ಮೂಲೆಯಲ್ಲಿ 31 ಎಂದು ಬರೆದೆ. ಭಯವಾಗಬೇಕಿತ್ತು. ಆಗಲಿಲ್ಲ.

ಯಾವಾಗ ಬೆರೆಯಿತೆಂದು ಗೊತ್ತಿತ್ತು. ಐದು ವಾರದ ಹಿಂದೆ, ಒಂದು ಗುರುವಾರ. ನನ್ನ ಹೆಂಡತಿ ಮಾರ್ಲಿಸ್ ಆಸ್ಪತ್ರೆ ಸೇರಿ ಒಂಬತ್ತು ದಿನವಾಗಿತ್ತು. ನಾನು ಸಣ್ಣ ರೈಫಲ್ಲಿಗೆ ತೋಟಾ ತುಂಬುತ್ತಿದ್ದಾಗ ಕೋರಾ ಅಲ್ಲಿಂದ ಫೋನ್ ಮಾಡಿ ಬೇಗ ಬಾ ಎಂದಳು.

ನಾಲ್ಕಕ್ಕೆ ಸರಿಯಾಗಿ ಅವಳ ಗಾಡಿ ಬಂತು.

"ಎಲ್ಲಪ್ಪಾ ನನ್ನ ತೋಟಾ? ಪಕ್ಕದ್ಮನೆ ಡೆಲ್ಬರ್ಟ್ ಹೋದ್ವರ್ಷ ಪೈನ್ ಮರ ಬೇಟೆ ಆಡ್ಕೊಂಡ್ ಬಂದ್ನಲ್ಲ, ನನಗೆ ಹಾಗಾಗ್ಬಾರ್ದು."

"ಇವು ಬೇಡ. ಅಂಗಡೀಲಿ ಒಂದು ಪ್ಯಾಕೆಟ್ ತಗೋ."

"ಅಂಗಡೀದಾ? ಹುಷಾರಿದ್ದೀಯ ತಾನೆ? ಅಂಗಡಿ ತೋಟಾ ಅಂದ್ರೆ ಡಬ್ಬಿ ಸೂಪು ಅಂತಿದ್ದೋನು ನೀನು."

ಕೋಶಗಳು ಹಳೆಯವಾಗಿವೆ ಎಂದಿದ್ದರೆ ನಂಬುತ್ತಿದ್ದಳು. ಹಾಗೆ ಹೇಳಬೇಕೆಂದೇ ಮಧ್ಯಾಹ್ನವಿಡೀ ಅಂದುಕೊಂಡಿದ್ದೆ. ಆದರೆ ಹಾಳೆ ಮೇಜಿನ ಮೇಲೇ ಇತ್ತು. ಅವಳು ಬಗ್ಗಿ ನೋಡಿದಳು.

"ಎರಡು ಮದ್ದು ಬೆರೆತಿದೆ," ಅಂದೆ.

"ನಿನ್ನ ಕೈಲಾ? ಯಾವಾಗ?"

"ನೀನು ಆಸ್ಪತ್ರೆಯಿಂದ ಫೋನ್ ಮಾಡ್ದಾಗ. ಅಳತೆ ಕೊಳವೆ ತುಂಬ ಸಣ್ಣ ರೈಫಲ್ ಮದ್ದಿತ್ತು. ಅದನ್ನ ನಿನ್ನ ಮದ್ದಿನ ಡಬ್ಬಿಗೆ ಸುರಿದ್ಬಿಟ್ಟಿದೀನಿ."

"ಫೋನ್ ಬಂದ್ಮೇಲೆ?"

"ಹೂಂ."

"ತಕ್ಷಣ ಹೊರಟೆ ಅಂದಿದ್ದೆ."

"ಹೊರಡ್ಲಿಲ್ಲ. ಖಾಲಿ ಮಾಡಿ, ಕೊಳವೆ ಒರೆಸಿ, ಮೇಜು ಗುಡಿಸಿ ಹೊರಟೆ. ಹನ್ನೊಂದು ನಿಮಿಷ."

ಅವಳು ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. "ನೀನು ಬರೋಕೆ ನಾಲ್ಕು ನಿಮಿಷ ಮುಂಚೆ ಅಮ್ಮ ಹೋಗಿದ್ದು. ಗೊತ್ತಾ?"

"ಕೇಳಿರ್ಲಿಲ್ಲ."

"ಬಂದ್ರಾ ಅಂತ ಎರಡ್ಸಲ ಕೇಳಿದ್ಲು. ದಾರೀಲಿದಾರೆ ಅಂದೆ."

ಹನ್ನೊಂದರಲ್ಲಿ ನಾಲ್ಕು ಕಳೆದರೆ ಏಳು. ಲೆಕ್ಕ ತಾನಾಗಿಯೇ ಆಯಿತು. ಬೇರೇನೂ ಆಗಲಿಲ್ಲ.

ಕೋರಾ ಸುತ್ತಿಗೆ ತೆಗೆದುಕೊಂಡು ತೋಟಾ ಸಿಕ್ಕಿಸಿ ನೆಲಕ್ಕೆ ಬಡಿದಳು. ಮೂರು ತೋಟಾ ಕಳಚಿದಳು, ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತ. ಆಮೇಲೆ ಸುತ್ತಿಗೆಯನ್ನು ನನ್ನ ಮುಂದಿಟ್ಟಳು.

"ಅಂಗಡಿ ಆರಕ್ಕೆ ಮುಚ್ಚುತ್ತೆ. ಹೊಸ ತೋಟಾದ ಗುಂಡು ಎಲ್ಲಿ ಬೀಳುತ್ತೋ ನೋಡಿ ರೈಫಲ್ ದುರ್ಬೀನು ಸರಿ ಮಾಡ್ಕೋಬೇಕು. ನಾಳೆ ಅರ್ಧ ದಿನ ಅದಕ್ಕೇ ಹೋಯ್ತು."

"ನಾನು ಬಂದು ಮಾಡ್ಕೊಡ್ಲಾ?"

"ಬೇಡ. ನಾಳೆ ನೀನು ಬರಲೇಬೇಡ."

"ಸರಿ."

ಅವಳ ಗಾಡಿ ಜಲ್ಲಿಯ ಮೇಲೆ ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಉಳಿದ ಹದಿನಾರನ್ನು ನಾನು ಕಳಚಿದೆ. ಕಳಚಿದ ಮದ್ದನ್ನೂ ಕೋರಾಳ ಡಬ್ಬಿಯಲ್ಲಿ ಉಳಿದದ್ದನ್ನೂ ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಎರಚಿದೆ. ಅದರಲ್ಲಿ ಸಾರಜನಕವಿದೆ, ಹುಲ್ಲಿಗೆ ಒಳ್ಳೆಯದು. ಒಂದೇ ಕಡೆ ಗುಡ್ಡೆಯಾಗದಂತೆ ನೋಡಿಕೊಂಡೆ.