ಐದು ತಿಂಗಳ ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಹೊಟ್ಟೆ ಮಾಡುವ ಕೆಲಸ ನನ್ನದು. ನಗಬೇಡಿ. ಅಂಗಡಿಯ ಬೊಂಬೆಗಿರುವುದು ಹಲಗೆಯಂಥ ಹೊಟ್ಟೆ. ಬಸುರಿಯರ ಉಡುಪನ್ನು ಅದಕ್ಕೆ ತೊಡಿಸಿ ನೋಡುವುದು ಹೇಗೆ? ಅದಕ್ಕೇ ಹಳೆಯ ಬಟ್ಟೆಯ ಚೀಲಕ್ಕೆ ಹತ್ತಿ ತುಂಬಿ, ಎಷ್ಟನೇ ತಿಂಗಳೋ ಅಷ್ಟಕ್ಕೆ ಉಬ್ಬಿಸಿ, ಬೊಂಬೆಯ ಸೊಂಟಕ್ಕೆ ಕಟ್ಟುತ್ತೇನೆ. ಅದರ ಮೇಲೆ ಬಟ್ಟೆ ಕೂರಿಸಿ ಪಿನ್ನು ಹಾಕುತ್ತೇವೆ. ಟೇಪು ಹಿಡಿಯುವ ಪದ್ಧತಿ ನನಗಿಲ್ಲ, ಕೈ ಅಂದಾಜೇ ಸಾಕು. ಒಮ್ಮೆಯೂ ತಪ್ಪಿಲ್ಲ ಎಂಬ ಜಂಬ ಬೇರೆ ಇತ್ತು.

ನನ್ನ ಸ್ವಂತದ್ದು ಅಂದಾಜಿಗೆ ಸಿಗುವಷ್ಟು ಬೆಳೆಯಲೇ ಇಲ್ಲ. ಎರಡು ತಿಂಗಳು ದಾಟಿತ್ತಷ್ಟೇ, ಹೋಯಿತು. ಮೂರು ತುಂಬುವವರೆಗೆ ಯಾರ ಮುಂದೆಯೂ ಬಾಯಿಬಿಡುವುದು ಬೇಡ ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡಿದ್ದೆವು. ಅಮ್ಮನಿಗೂ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಬಂದದ್ದೇ ಗೊತ್ತಿಲ್ಲದವರಿಗೆ ಹೋದದ್ದನ್ನು ಏನೆಂದು ಹೇಳುವುದು? ಜ್ವರವೆಂದು ರಜೆ ಹಾಕಿ, ರಜೆ ಮುಗಿದ ಮೇಲೆ ಮತ್ತೆ ಮಷಿನ್ ಮುಂದೆ ಕೂತೆ. ಕಾಜಾ ಹೊಲಿದು ಗುಂಡಿ ಹಾಕುವ ಹಿರಿಯಾಕೆಯನ್ನು ನಾವೆಲ್ಲ ಗುಂಡಿ ಚಿಕ್ಕಮ್ಮ ಎನ್ನುತ್ತೇವೆ. "ಜ್ವರ ಬಂದು ಸೊರಗಿ ಕಡ್ಡಿ ಆಗಿದೀಯಲ್ಲೇ, ಚೆನ್ನಾಗಿ ತಿನ್ನು" ಎಂದು ಅವರು ಬೈದರು. ತಿಂದೆ.

ಗಂಡ ಲಿಫ್ಟ್ ರಿಪೇರಿಯವನು. ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಬಾಗಿಲಾಚೆಯಿಂದ "ಗಾಬರಿ ಬೇಡ, ಇನ್ನೈದು ನಿಮಿಷ" ಎಂದು ಹೇಳಿ ಹೇಳಿ ಅವನಿಗೊಂದು ದನಿ ಅಂಟಿಕೊಂಡಿದೆ. ಆ ದನಿಯನ್ನು ಮನೆಗೂ ತಂದ. "ಏನೂ ಆಗಿಲ್ಲ ಬಿಡು. ಮತ್ತೆ ಆಗುತ್ತೆ. ಡಾಕ್ಟ್ರೇ ಹೇಳಿದಾರಲ್ಲ." ಒಂದು ದಿನ ಪಾತ್ರೆ ತೊಳೆಯುತ್ತಾ, "ಇದ್ದಿದ್ರೆ ಈಗ ನಾಲ್ಕು ತುಂಬ್ತಿತ್ತು" ಎಂದೆ. "ಲೆಕ್ಕ ಹಾಕ್ಬೇಡ" ಎಂದವನೇ ನಲ್ಲಿಯನ್ನು ಜೋರಾಗಿ ತಿರುಗಿಸಿದ. ಅಂದಿನಿಂದ ಬಾಯಿಗೆ ಹೊಲಿಗೆ ಹಾಕಿಕೊಂಡೆ. ನನಗೆ ಬೇಕಿದ್ದದ್ದು ಇಷ್ಟೇ: ಅದು ಇತ್ತು ಎಂದು ಇನ್ನೊಬ್ಬರು ಒಪ್ಪಬೇಕು. ಅಷ್ಟೂ ಸಿಗದೆ ಮತ್ತೊಂದಕ್ಕೆ ಆಸೆಪಡಲು ಮನಸ್ಸೇ ಒಪ್ಪುತ್ತಿರಲಿಲ್ಲ.

ಆದರೂ ಪ್ರಯತ್ನ ನಡೆದಿತ್ತು. ನಮ್ಮಿಬ್ಬರ ಮೊಬೈಲಿನಲ್ಲೂ ಬಸಿರು ನಿಲ್ಲುವ ದಿನ ಹೇಳುವ ಆಪ್ ಇತ್ತು. ಅದು ಟಿಂಗ್ ಎಂದ ದಿನ ಅವನು ಬೇಗ ಬಂದು, ಸ್ನಾನ ಮಾಡಿ, ದೂರು ಬಂದ ಕಟ್ಟಡಕ್ಕೆ ಹೊರಟವನ ಮುಖ ಹೊತ್ತು ಮಂಚದ ಅಂಚಿಗೆ ಕೂರುತ್ತಿದ್ದ. ನಗು ಬರಬೇಕಿತ್ತು, ಬರುತ್ತಿರಲಿಲ್ಲ. ಆಮೇಲೆ ನಾನು ಸೊಂಟದ ಕೆಳಗೆ ದಿಂಬಿಟ್ಟುಕೊಂಡು ಸೂರು ನೋಡುತ್ತಿದ್ದೆ, ಅವನು ಗೋಡೆ ನೋಡುತ್ತಿದ್ದ. ಒಂದೇ ಮಂಚದಲ್ಲಿ ಇಷ್ಟು ಒಂಟಿಯಾಗಿ ಮಲಗಬಹುದೆಂದು ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಎರಡು ಸಲ ಮುಟ್ಟು ಬಂತು. ಎರಡು ಸಲವೂ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು, ಸದ್ದಾಗದಂತೆ ಅತ್ತು ಬಂದೆ.

ಆಗಲೇ ಅಂಗಡಿಯ ಯಜಮಾನಿ ದೊಡ್ಡಕ್ಕ ಹೊಸ ಕೆಲಸ ತಂದರು. "ವಕೀಲರು, ಏಳು ತಿಂಗಳು. ತಂಗಿ ಮದುವೆಗೆ ಉದ್ದನೆ ಗೌನ್ ಬೇಕಂತೆ. ಊರಲ್ಲಿಲ್ಲ, ಮದುವೆ ಹತ್ರ ಬಂದಾಗಲೇ ಬರೋದು. ಒಂದು ಒಳ್ಳೆ ಹೊಟ್ಟೆ ಮಾಡಮ್ಮ."

ಮಾಡಿದೆ. ಅಷ್ಟು ಚೆಂದದ ಹೊಟ್ಟೆಯನ್ನು ಹಿಂದೆಂದೂ ಮಾಡಿರಲಿಲ್ಲ. ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಎಲ್ಲೂ ಗಂಟಾಗದಂತೆ ತಟ್ಟಿ ತಟ್ಟಿ ತುಂಬಿದೆ. ಗೌನ್ ಮುಗಿಯುವವರೆಗೆ ಬೊಂಬೆ ನನ್ನ ಪಕ್ಕದಲ್ಲೇ ನಿಂತಿತ್ತು. ಎದ್ದಾಗ ಕೂತಾಗ ಕೈ ತಾನಾಗಿಯೇ ಅದರ ಹೊಟ್ಟೆಯ ಮೇಲೆ ಹೋಗುತ್ತಿತ್ತು. "ಏನೇ, ಒದೀತಿದ್ಯಾ?" ಎಂದು ಗುಂಡಿ ಚಿಕ್ಕಮ್ಮ ರೇಗಿಸಿದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ವಕೀಲರು ಬಂದು ಗೌನ್ ತೊಟ್ಟರು. ಬೆನ್ನಿನ ಜಿಪ್ಪು ಅರ್ಧಕ್ಕೇ ನಿಂತಿತು. "ಅಯ್ಯೋ, ನಾನು ಅಷ್ಟು ದಪ್ಪ ಆಗಿದೀನಾ?" ಎಂದು ಅವರು ಕನ್ನಡಿಯ ಮುಂದೆ ಕಣ್ಣೀರಿಡುವಂತಾದರು. ಒಳಗೆ ಬಟ್ಟೆ ಬಿಟ್ಟಿದ್ದೇವೆ, ಬಿಚ್ಚಿ ಸರಿಮಾಡಿ ನಾಳೆ ಕೊಡುತ್ತೇವೆ ಎಂದು ಸಮಾಧಾನ ಹೇಳಿ ಕಳಿಸಿದ ದೊಡ್ಡಕ್ಕ, ನೇರ ಬೊಂಬೆಯ ಹತ್ತಿರ ಹೋಗಿ ಟೇಪು ಹಿಡಿದರು.

"ಏಳು ಅಂದಿದ್ದೆ. ಇದು ಐದು ತಿಂಗಳ ಹೊಟ್ಟೆ ಕಣೇ! ತಲೆ ಎಲ್ಲಿಟ್ಟಿದ್ದೆ?"

ನೋಡಿದೆ. ಹೌದು, ಐದೇ. ಕೈ ನನ್ನನ್ನು ಕೇಳದೆ ಮಾಡಿತ್ತು.

"ನಂದು ಈಗ ಐದಾಗ್ತಿತ್ತು ದೊಡ್ಡಕ್ಕ" ಎಂದೆ.

ಮಷಿನುಗಳು ಒಂದೊಂದಾಗಿ ನಿಂತವು. ಗುಂಡಿ ಚಿಕ್ಕಮ್ಮ, "ಅವತ್ತಿನ ಜ್ವರ..." ಎಂದು ಶುರುಮಾಡಿ, ನಾನು ಹೂಂ ಎಂದ ಮೇಲೆ, "ಒದೀತಿದ್ಯಾ ಅಂತ ಕೇಳಿದ್ನಲ್ಲೇ, ನನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದು ಬಾಯಿ ಮುಚ್ಚಿಕೊಂಡರು. ಏನು ಮಾಡಲೂ ತೋಚದೆ, ಹತ್ತಿ ಸೇರಿಸೋಣವೆಂದು ಕತ್ತರಿ ತೆಗೆದುಕೊಂಡು ಚೀಲದ ಹೊಲಿಗೆಗೆ ಇಟ್ಟೆ. ದೊಡ್ಡಕ್ಕ ನನ್ನ ಕೈ ಹಿಡಿದರು.

"ಇದನ್ನ ಬಿಚ್ಚಬೇಡ. ಏಳಕ್ಕೆ ಬೇರೆ ಮಾಡೋಣ."

ಮನೆಗೆ ಬಂದಾಗ ಗಂಡ ಆಗಲೇ ಬಂದು, ಸ್ನಾನ ಮಾಡಿ, ಮಂಚದ ಅಂಚಿನಲ್ಲಿ ಕೂತಿದ್ದ. ಅಂದು ಟಿಂಗ್ ಎಂದ ದಿನ ಎಂಬುದು ನನಗೆ ಮರೆತೇ ಹೋಗಿತ್ತು.

"ಇವತ್ತು ಬೇಡ. ಅಂಗಡೀಲಿ ಹೇಳ್ಬಿಟ್ಟೆ."

"ಏನನ್ನ?"

"ಹೋಗಿದ್ದನ್ನ. ಎಲ್ರಿಗೂ."

ಸಿಟ್ಟಾಗುತ್ತಾನೆ ಎಂದುಕೊಂಡೆ. ಇಲ್ಲವೇ ಆ ಲಿಫ್ಟಿನ ದನಿ ತೆಗೆಯುತ್ತಾನೆ ಎಂದುಕೊಂಡೆ. ಅವನು ತನ್ನ ಅಂಗೈ ನೋಡಿಕೊಳ್ಳುತ್ತಾ, "ನಿಂಗೆ ಅಂಗಡಿ ಇದೆ. ನಾನು ಯಾರಿಗೆ ಹೇಳ್ಲಿ?" ಎಂದ.

ಏನಾದರೂ ಹೇಳಬೇಕಲ್ಲ ಎಂದು ಬೊಂಬೆಯ ಕಥೆ ಹೇಳಿದೆ. "ಏಳರದ್ದು ಮಾಡು ಅಂದ್ರೆ ಐದರದ್ದು ಮಾಡಿಟ್ಟಿದೀನಿ. ನಮ್ಮದು ಈಗ ಐದಲ್ವಾ, ಅದಕ್ಕೇ ಇರಬೇಕು."

"ಐದಲ್ಲ" ಎಂದ, ತಲೆ ಎತ್ತದೆ. "ನಾಲ್ಕೂವರೆ."

ಲೆಕ್ಕ ಹಾಕಬೇಡ ಎಂದ ಮನುಷ್ಯ ಇವನೇ.

"ಡಾಕ್ಟ್ರು ಕೊನೇ ಮುಟ್ಟಿಂದ ಹಿಡೀತಾರೆ. ಐದು."

"ಅವರು ಎಲ್ಲಿಂದಾದ್ರೂ ಹಿಡೀಲಿ. ಅವತ್ತು ರಾತ್ರಿ ಕರೆಂಟ್ ಹೋಗಿತ್ತಲ್ಲ, ಅವತ್ತಿಂದ ನನ್ನ ಲೆಕ್ಕ. ನಾಲ್ಕೂವರೆ."

"ಐದು ಅಂದ್ನಲ್ಲ."

"ನಾಲ್ಕೂವರೆ ಕಣೇ!" ಅವನ ದನಿ ಒಡೆದುಹೋಯಿತು.

ಬ್ಯಾಗು ಕೆಳಗಿಟ್ಟು ಅವನ ಪಕ್ಕ ಕೂತೆ. ಕತ್ತಲಾಗುವವರೆಗೆ ಅಲ್ಲೇ ಕೂತು, ಇಬ್ಬರೂ ಅಳುತ್ತಾ, ನಮ್ಮ ಮಗುವಿಗೆ ಎಷ್ಟು ತಿಂಗಳು ಎಂದು ಜಗಳವಾಡಿದೆವು.